ಅಳಿಯನ ಕಲಮು

"ನಿನ್ನ ದುಡ್ಡು ಯಾರಿಗೆ ಬೇಕು? ಕುರ್ಚಿ ಬಿಡು ಅಂತ ಕೇಳ್ತಿದ್ದೀನಿ, ಕುರ್ಚಿ!"

ತಂಗಿ ಕೂಗಿದ ರಭಸಕ್ಕೆ ಸಂಪಾದಕ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಕಾಫಿ ತುಳುಕಿ ಹೊಸ ಸಂಚಿಕೆಯ ಮುಖಪುಟದ ಮೇಲೆ ಬಿತ್ತು. ಅವನು ಅದನ್ನು ತೋಳಿನಿಂದ ಒರೆಸಿದ.

"ಮೆಲ್ಲಗೆ ಮಾತಾಡು. ಪಕ್ಕದ ಮನೆಯವರಿಗೆ ಕೇಳ್ಸುತ್ತೆ."

"ಕೇಳ್ಸಲಿ. ಎಲ್ಲ ಬಯಲಲ್ಲಿ ನಡೀಬೇಕು, ಮುಚ್ಚುಮರೆ ಇರಬಾರದು ಅಂತ ಕಂಡಕಂಡಲ್ಲಿ ಭಾಷಣ ಬಿಗಿಯೋನು ನೀನೇ ತಾನೇ?"

"ಅದು ಬೇರೆ."

"ಯಾವುದು ಬೇರೆ? ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಏನಂದೆ? ಅತ್ತಿಗೆ, ನೀವೇ ಹೇಳಿ, ಏನಂದ ಇವನು?"

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಚಮಚ ಹಿಡಿದು ನಿಂತಿದ್ದಳು. "ನನ್ನನ್ನ ಯಾಕೆ ಎಳೀತೀಯ ತಾಯಿ, ನನಗೆ ನಿಮ್ಮ ಹುಳದ ವ್ಯವಹಾರ ಗೊತ್ತಾಗಲ್ಲ" ಎಂದಳು. ಆದರೆ ಬಾಗಿಲು ಬಿಟ್ಟು ಕದಲಲಿಲ್ಲ.

ನಿನ್ನೆ ಅವನು ಅಂದದ್ದು ಸಣ್ಣ ಮಾತು. 'ಅರ್ಜಿಯಲ್ಲಿ ಇಲ್ಲ ಅಂತ ಬರೆದುಬಿಡೋದಲ್ವಾ?' ಬಾಯಿ ಜಾರಿ ಬಂದಿತ್ತು. ಬಾಯಿ ಜಾರಿದ್ದೂ ಅಲ್ಲ. ಮೊದಲು ಹೊಳೆದದ್ದೇ ಅದು. ತಂಗಿ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವಳು. ಆ ಊರಿನ ನೀರಿನ ತೊಟ್ಟಿಗಳಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಬಸವನಹುಳು ಇದೆ, ಅದರ ಹೊಟ್ಟೆಯೊಳಗೆ ಇನ್ನೊಂದು ಹುಳ ಇದೆ, ಆ ಹುಳ ತೊಟ್ಟಿಯಲ್ಲಿ ಕಾಲಾಡಿಸುವ ಮಕ್ಕಳ ಚರ್ಮ ತೂರಿ ಒಳಗೆ ಹೋಗುತ್ತದೆ, ಮಕ್ಕಳಿಗೆ ಮೂತ್ರದಲ್ಲಿ ರಕ್ತ ಬರುತ್ತದೆ. ಇಷ್ಟನ್ನು ಕಂಡುಹಿಡಿಯಲು ಅವಳು ತಲೆಗೂದಲು ಬೆಳ್ಳಗಾಗುವವರೆಗೆ ಕೆಸರಲ್ಲಿ ನಿಂತಿದ್ದಳು. ಊರಿನ ನೀರು ಸರಬರಾಜಿನ ಸಾಹೇಬ ಅವಳ ಮಾತನ್ನೆಲ್ಲ ತಲೆಯಾಡಿಸುತ್ತ ಕೇಳಿ, "ಎಲ್ಲಾದರೂ ಅಚ್ಚಾಗಿದೆಯಾ ಮೇಡಂ? ಅಚ್ಚಾಗಿದ್ದು ತಂದು ತೋರಿಸಿ, ಮಾರನೇ ದಿನ ತೊಟ್ಟಿ ಖಾಲಿ ಮಾಡಿಸ್ತೀನಿ" ಅಂದಿದ್ದನಂತೆ. ಅಚ್ಚಿನಲ್ಲಿದ್ದರೆ ರಕ್ತ ಕೆಂಪು. ಇಲ್ಲದಿದ್ದರೆ ಅದು ಹೆಂಗಸಿನ ಗಾಬರಿ. ಅವಳು ಲೇಖನವನ್ನು ಅಣ್ಣನ ಪತ್ರಿಕೆಗೇ ಕಳಿಸಿದಳು, ಆ ವಿಷಯಕ್ಕೆ ಇರುವುದು ಅದೊಂದೇ ಮರ್ಯಾದಸ್ಥ ಪತ್ರಿಕೆ ಎಂದು. ಸಂಪಾದಕ ಆ ಲೇಖನದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಉಪಸಂಪಾದಕಿಗೆ ಒಪ್ಪಿಸಿ, ತಾನು ಕಣ್ಣು ಮುಚ್ಚಿಕೊಂಡಿದ್ದೇನೆ ಎಂದು ನಾಲ್ಕು ಜನರಿಗೆ ತಿಳಿಸಿ ಹೆಮ್ಮೆಪಟ್ಟ. ಲೇಖನ ಓದಿ ಯೋಗ್ಯವೋ ಅಲ್ಲವೋ ಹೇಳುವ ಪರಿಶೀಲಕರು ಹೊಗಳಿದರು. ಲೇಖನ ಒಪ್ಪಿಗೆಯಾಯಿತು. ಹಿಂದೆಯೇ ಶುಲ್ಕದ ಬಿಲ್ಲು ಬಂತು, ಅವಳ ಎಂಟು ತಿಂಗಳ ಸಂಬಳದಷ್ಟು.

ಯಾಕೆಂದರೆ ಪತ್ರಿಕೆ ಈಗ 'ಮುಕ್ತ'ವಾಗಿತ್ತು. ಯಾರು ಬೇಕಾದರೂ ಪುಕ್ಕಟೆ ಓದಬಹುದು. ಬರೆದವನು ದುಡ್ಡು ಕಟ್ಟಬೇಕು. ಮೊದಲು ಓದುವವನ ಜೇಬಿಗೆ ಕೈ ಹಾಕುತ್ತಿದ್ದರು, ಈಗ ಬರೆಯುವವನ ಜೇಬಿಗೆ. ಜೇಬು ಬದಲಾಗಿತ್ತು, ಕೈ ಬದಲಾಗಿರಲಿಲ್ಲ. ಬರೆಯುವವನು, ಪರಿಶೀಲಿಸುವವನು, ಸಂಪಾದಿಸುವವನು ಮೂವರೂ ಆಗಲೂ ಬಿಟ್ಟಿ, ಈಗಲೂ ಬಿಟ್ಟಿ. ಆದರೆ ಪತ್ರಿಕೆ ಹೊರಡಿಸುವ ಕಂಪನಿಯವರು ಕಟುಕರೇನಲ್ಲ. ಕಟ್ಟಲಾರದವರಿಗೆ ವಿನಾಯಿತಿ ಇತ್ತು. ತಂಗಿ ವಿನಾಯಿತಿ ಕೇಳಿದಳು. 'ಸಂಪಾದಕ ಮಂಡಳಿಯಲ್ಲಿ ನಿಮ್ಮ ಹತ್ತಿರದ ಸಂಬಂಧಿಗಳಿದ್ದಾರೆಯೇ?' ಎಂಬ ಪ್ರಶ್ನೆಗೆ 'ಇದ್ದಾನೆ, ಅಣ್ಣ' ಎಂದು ಬರೆದಳು. ಅವಳು ಉಸಿರು ಬಿಡುವುದರೊಳಗೆ ಕಂಪನಿಯ ಯಂತ್ರ ಉತ್ತರ ಕೊಟ್ಟಿತು: ಮಂಡಳಿಯವರ ಸಂಬಂಧಿಗಳಿಗೆ ವಿನಾಯಿತಿ ಇಲ್ಲ.

ನಿಯಮಾವಳಿಯ ಆ ಕಲಮನ್ನು ಬರೆದದ್ದು ಸಂಪಾದಕನೇ. ಉಪಸಂಪಾದಕಿಯ ಅಳಿಯನೊಬ್ಬ, ಕಾರಿನಲ್ಲಿ ಓಡಾಡುವವನು, ಬಡವ ಅಂತ ಬರೆದುಕೊಂಡು ಎರಡು ಸಲ ವಿನಾಯಿತಿ ಹೊಡೆದಿದ್ದ. ಅದನ್ನು ನೋಡಿ ಸಂಪಾದಕನ ಮೈ ಉರಿದಿತ್ತು. 'ಪಾರದರ್ಶಕತೆಯ ಹಿತದೃಷ್ಟಿಯಿಂದ' ಎಂದು ಶುರುವಾಗುವ ವಾಕ್ಯವನ್ನು ಒಂದು ವಾರ ತಿದ್ದಿ ತೀಡಿ ಸಭೆಯಲ್ಲಿ ಓದಿದಾಗ ಉಪಸಂಪಾದಕಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆಫೀಸಿನವರೆಲ್ಲ ಅದನ್ನು 'ಅಳಿಯನ ಕಲಮು' ಎಂದೇ ಕರೆಯುತ್ತಿದ್ದರು.

"ನೀನು ಇಳಿದರೆ ನಾನು ಅಲ್ಲಿ ಯಾರ ತಂಗಿಯೂ ಅಲ್ಲ" ಎಂದಳು ತಂಗಿ. ಈಗ ಕೂಗುತ್ತಿರಲಿಲ್ಲ; ಅದು ಇನ್ನೂ ಕಷ್ಟವಾಗಿತ್ತು. "ಮತ್ತೆ ಅರ್ಜಿ ಹಾಕ್ತೀನಿ, ಆಗುತ್ತೆ. ಸಂಬಳ ಇಲ್ಲ, ಸಾರಿಗೆ ಖರ್ಚು ಕೊಡಲ್ಲ, ಕಣ್ಣು ಹೋಯ್ತು, ಬೆನ್ನು ಹೋಯ್ತು ಅಂತ ಬಂದಾಗಲೆಲ್ಲ ಗೋಳಾಡ್ತೀಯಲ್ಲ. ಬಿಟ್ಟುಬಿಡು."

"ಅರ್ಧ ಶುಲ್ಕ ನಾನು ಕೊಡ್ತೀನಿ ಅಂದೆನಲ್ಲ."

"ನಿಮ್ಮ ಕಂಪನಿ ಕೇಳಿತು ಅಂತ ನಾನು ಸಾಲ ಮಾಡಿಯಾದರೂ ಕೊಡ್ತೀನಿ ಅಂತ ತಿಳ್ಕೊಂಡ್ಯಾ? ಕೊಡಲ್ಲ. ನಾನು ಕೆಸರಲ್ಲಿ ನಿಂತಿದ್ದಕ್ಕೆ ನಾನೇ ದಂಡ ಕಟ್ಟೋದಾ?"

"ಇವತ್ತು ಮಂಡಳಿ ಸಭೆ ಇದೆ. ನೋಡ್ತೀನಿ."

"ನೋಡ್ತೀನಿ ಬೇಡ. ಬಿಡ್ತೀನಿ ಅನ್ನು."

"ಸರಿ ತಾಯಿ. ಬಿಡ್ತೀನಿ. ಆಯ್ತಾ?"

ಅವಳು ಕೂಡಲೇ ನಕ್ಕುಬಿಟ್ಟಳು. ಚಿಕ್ಕಂದಿನಿಂದಲೂ ಅವಳ ಸಿಟ್ಟು ಹಾಗೆಯೇ, ಕೇಳಿದ್ದು ಸಿಕ್ಕಿದೊಡನೆ ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ. "ಸಂಜೆ ನೀನು ಬರೋವರೆಗೂ ಇರ್ತೀನಿ" ಎಂದು ಅವನ ಲೋಟ ಎತ್ತಿಕೊಂಡು ಮತ್ತೆ ಕಾಫಿ ತರಲು ಹೋದಳು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ರಾಜೀನಾಮೆಯ ಮಾತನ್ನು ಮನಸ್ಸಿನಲ್ಲೇ ಕಟ್ಟತೊಡಗಿದ. 'ಅತೀವ ವಿಷಾದದಿಂದ' ಎಂದುಕೊಂಡ. 'ಅತೀವ' ಹೆಚ್ಚಾಯಿತು ಎನಿಸಿ ಹೊಡೆದುಹಾಕಿದ. ಬರೀ ವಿಷಾದ ಬೋಳುಬೋಳಾಗಿ ಕಂಡು ಮತ್ತೆ ಸೇರಿಸಿದ. ತಾನು ಹೇಳಿ ಮುಗಿಸಿದ ಮೇಲೆ ಏನಾಗುತ್ತದೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲು ಮೌನ. ಆಮೇಲೆ ಯಾರೋ 'ಛೇ ಛೇ, ಇದೇನು ಸರ್' ಅನ್ನುತ್ತಾರೆ. ಉಪಸಂಪಾದಕಿ ಕೂಡ ಕರ್ಚೀಫು ತೆಗೆಯುತ್ತಾಳೆ. ಅವನು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಾನೆ. ಅವನ ಮಾವ ಬದುಕಿದ್ದಾಗ ಒಮ್ಮೆ, ನೆಂಟರೆಲ್ಲ ಸೇರಿದ್ದ ಮನೆಯಲ್ಲಿ, 'ನಮ್ಮ ಅಳಿಯಂದಿರು ಸಂಪಾದಕರು' ಎಂದು ಪರಿಚಯ ಮಾಡಿಸಿ, 'ಆದರೆ ಸಂಪಾದನೆ ಮಾತ್ರ ಕೇಳಬೇಡಿ' ಎಂದು ಹೊಟ್ಟೆ ಕುಣಿಸಿ ನಕ್ಕಿದ್ದ. ಎಲ್ಲರೂ ನಕ್ಕರು, ಹೆಂಡತಿಯೂ ನಕ್ಕಳು. ಅವನೂ ನಗಬೇಕಾಯಿತು. ಮುಂದಿನ ವರ್ಷ ತಾನು ಪಾಠ ಹೇಳುವ ಕಾಲೇಜಿನಿಂದ ನಿವೃತ್ತಿ. ಆಮೇಲೆ ಗೇಟಿನ ಮೇಲಿನ ಹಲಗೆಯಲ್ಲಿ ಹೆಸರಿನ ಕೆಳಗೆ ಏನು ಬರೆಸುವುದು? ನಿವೃತ್ತ ಅಂತಲೇ? ಬೀದಿಯಲ್ಲಿ ಒಂದು ಕಲ್ಲು ಎಸೆದರೆ ಯಾರಾದರೊಬ್ಬ ನಿವೃತ್ತನಿಗೆ ತಾಗುತ್ತದೆ, ಅಷ್ಟು ಜನ ಇದ್ದಾರೆ. ಜಗತ್ತಿನ ಎಲ್ಲೆಲ್ಲಿಂದಲೋ ಜನ 'ಮಾನ್ಯ ಸಂಪಾದಕರೇ' ಎಂದು ಬರೆಯುತ್ತಾರೆ, ಅವರಲ್ಲಿ ಮುಕ್ಕಾಲು ಪಾಲು ಜನರನ್ನು ಅವನು 'ವಿಷಾದದಿಂದ ತಿಳಿಸುತ್ತೇವೆ' ಎಂದು ವಾಪಸು ಕಳಿಸುತ್ತಾನೆ. ಆ ವಿಷಾದದಲ್ಲಿ ಇರುವ ಸುಖ ಸಂಬಳದಲ್ಲಿ ಎಲ್ಲಿದೆ? ಚಿಕ್ಕಂದಿನಲ್ಲಿ, ಒಂದೇ ಕೋಣೆಯ ಶಾಲೆಯಲ್ಲಿ ನಾಲ್ಕು ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಿದ್ದರು. ಮೇಷ್ಟ್ರು ಬೀಡಿ ಸೇದಲು ಹೊರಗೆ ಹೋದಾಗ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವ ಅಧಿಕಾರ ಅವನದು. ಅವನು ಮೊದಲು ಬರೆಯುತ್ತಿದ್ದದ್ದು ತಂಗಿಯ ಹೆಸರು. ಅವಳು ಮಾತಾಡಿರಲಿ ಬಿಡಲಿ. 'ನೋಡ್ರೋ, ಸ್ವಂತ ತಂಗೀನೂ ಬಿಡಲ್ಲ ಇವನು, ಇದು ನ್ಯಾಯ ಅಂದ್ರೆ' ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿ, ಅವಳ ಅಂಗೈಗೆ ಬೆತ್ತದಿಂದ ಹೊಡೆದರು. ಅವಳು ಅಳಲಿಲ್ಲ. ದಾರಿಯಲ್ಲಿ, 'ನೀನು ಬರೆದ ನನ್ನ ಹೆಸರಲ್ಲಿ ಒತ್ತಕ್ಷರ ತಪ್ಪಿತ್ತು' ಎಂದಷ್ಟೇ ಹೇಳಿದಳು. ಕಂಡಕ್ಟರ್ ಭುಜ ತಟ್ಟಿ "ಕೊನೇ ಸ್ಟಾಪು, ಇಳೀರಿ ಯಜಮಾನ್ರೇ" ಎಂದ.

ಕಂಪನಿಯ ಕಟ್ಟಡ ಪೂರಾ ಗಾಜು. ಗೋಡೆ ಗಾಜು, ಬಾಗಿಲು ಗಾಜು, ಒಳಗೆ ಕೂತು ಚೂಯಿಂಗ್ ಗಮ್ ಅಗಿಯುವವರ ದವಡೆ ಕೂಡ ರಸ್ತೆಗೆ ಕಾಣುತ್ತಿತ್ತು. ಸಂಪಾದಕ ತೆರೆದಿದೆ ಎಂದುಕೊಂಡು ನಡೆದ ಜಾಗದಲ್ಲಿ ಬಾಗಿಲಿತ್ತು. ಮೂಗು ಅಪ್ಪಚ್ಚಿಯಾಯಿತು.

"ಸರ್, ಅದು ಗಾಜು" ಎಂದಳು ಸ್ವಾಗತದ ಹುಡುಗಿ, ಎಲ್ಲ ಆದ ಮೇಲೆ. "ಯಾರನ್ನ ನೋಡಬೇಕಿತ್ತು?"

"ನಾನು ಸಂಪಾದಕ."

"ಯಾವುದಕ್ಕೆ ಸರ್? ನಮ್ಮಲ್ಲಿ ನಾನೂರು ಪತ್ರಿಕೆ ಇದೆ."

ಅವನು ಹೇಳಿದ. ಅವಳು ಕಂಪ್ಯೂಟರಿನಲ್ಲಿ ಹುಡುಕಿ, ಸಿಗದೆ, 'ಅತಿಥಿ' ಎಂದು ಬರೆದ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಳ್ಳಲು ಕೊಟ್ಟಳು. ಹಾಕಿಕೊಂಡ. ಮೂಗು ಉಜ್ಜಿಕೊಳ್ಳಬೇಕೆಂದು ಪ್ರಾಣ ಹೋಗುತ್ತಿತ್ತು. ಸುತ್ತಲೂ ಗಾಜು, ಎಲ್ಲಿ ನಿಂತು ಉಜ್ಜಿಕೊಳ್ಳುವುದು?

ಸಭೆ ನಡೆಸುವವನು ಕಂಪನಿಯ ಮ್ಯಾನೇಜರು. ಮಂಡಳಿಯವರು ಅವನಿಗೆ ಶೇಕಡಾ ಎಂದು ಹೆಸರಿಟ್ಟಿದ್ದರು. 'ಹೇಗಿದ್ದೀರಪ್ಪ' ಎಂದರೆ ನೂರಕ್ಕೆ ತೊಂಬತ್ತು ಚೆನ್ನಾಗಿದ್ದೀನಿ ಅನ್ನುವ ಆಸಾಮಿ. ಸದಾ ನಗುಮುಖ, ಯಾರ ಮೇಲೂ ಸಿಟ್ಟಿಲ್ಲ. ಲೇಖಕರ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಜನ ಗಲಾಟೆ ಮಾಡುತ್ತಿದ್ದುದರಿಂದ, ಇನ್ನು ಮುಂದೆ ಖರ್ಚಿನ ವಿವರವನ್ನು ಜಗಜ್ಜಾಹೀರು ಮಾಡುವುದೆಂದು ಕಂಪನಿ ತೀರ್ಮಾನಿಸಿತ್ತು. ಗೋಡೆಯ ಮೇಲೆ ಬಣ್ಣಬಣ್ಣದ ಹೋಳುಗಳ ಒಂದು ದುಂಡನೆಯ ಚಿತ್ರ ಮೂಡಿತು.

ಉಪಸಂಪಾದಕಿ ಕನ್ನಡಕ ಏರಿಸಿಕೊಂಡಳು. "ಆ ಹಸಿರು ಹೋಳು, ಪರಿಶೀಲನೆಗೆ ಅಂತ ಇದೆಯಲ್ಲ. ನಾವು ಪರಿಶೀಲಕರಿಗೆ ಒಂದು ಪೈಸೆ ಕೊಡಲ್ಲವಲ್ಲಪ್ಪ."

"ಪರಿಶೀಲಕರಿಗಲ್ಲ ಮೇಡಂ. ಪರಿಶೀಲನೆಗೆ."

"ಅಂದ್ರೆ?"

"ಅವರಿಗೆ ಪದೇಪದೇ ನೆನಪು ಮಾಡಬೇಕಲ್ಲ, ಕೆಲಸ ಮುಗಿಸಿಕೊಡಿ ಅಂತ. ಅದರ ಖರ್ಚು."

"ಬಿಟ್ಟಿ ಕೆಲಸ ಮಾಡಿ ಅಂತ ನೆನಪು ಮಾಡೋಕೆ ಶೇಕಡಾ ಇಪ್ಪತ್ತೆರಡಾ!" ಎಂದು ಮೂಲೆಯಿಂದ ಹಿರಿಯ ಸದಸ್ಯರೊಬ್ಬರು ನಿದ್ದೆಯಿಂದೆದ್ದು ಕೇಳಿದರು.

"ಗೌರವದಿಂದ ನೆನಪು ಮಾಡ್ತೀವಿ ಸರ್."

"ಸರಿ. ಲಾಭ ಎಲ್ಲಿದೆ ಇದರಲ್ಲಿ? ಕಾಣ್ತಾನೇ ಇಲ್ಲ."

"ಇದೆ ಸರ್, ಎಲ್ಲಾ ಇದೆ, ನಾವು ಏನೂ ಮುಚ್ಚಿಡಲ್ಲ. ಆ ನೀಲಿ ಹೋಳು. 'ಸುಸ್ಥಿರತೆ' ಅಂತ."

ನೀಲಿ ಹೋಳು ಎಲ್ಲಕ್ಕಿಂತ ದೊಡ್ಡದಿತ್ತು. ಸಂಪಾದಕ ಅದನ್ನು ನೋಡಿಯೂ ನೋಡಲಿಲ್ಲ. ಅವನ ಬಾಯಲ್ಲಿ 'ಅತೀವ ವಿಷಾದ' ಒಣಗುತ್ತ ಕೂತಿತ್ತು. ಈಗ ಹೇಳಬೇಕು. ಈ ನೀಲಿಗೆ ಒಂದು ಮಾತು ಅಂದು, ಅದೇ ಬಿಸಿಯಲ್ಲಿ ರಾಜೀನಾಮೆ ಎಸೆದು, ಎದ್ದು ಹೋಗಿಬಿಟ್ಟರೆ ಎಷ್ಟು ಚೆನ್ನ. ಎದ್ದು ಹೋಗುವಾಗ ಬಾಗಿಲು ಯಾವುದು, ಗಾಜು ಯಾವುದು ಎಂದು ಒಮ್ಮೆ ಕಣ್ಣಳತೆಯಲ್ಲಿ ನೋಡಿಕೊಂಡ.

"ನಾನೊಂದು ಮಾತು ಹೇಳಬೇಕು" ಎಂದ. "ಅತೀವ... ನಾನು ಸಂಪಾದಕತ್ವ ಬಿಡಬೇಕು ಅಂತಿದ್ದೀನಿ."

"ಓ, ಆಗಲಿ ಸರ್" ಎಂದ ಶೇಕಡಾ, ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತ. "ಯಾವ ತಾರೀಖಿನಿಂದ?"

ಇಷ್ಟೇ. ಯಾರೂ ಛೇ ಛೇ ಅನ್ನಲಿಲ್ಲ. ಹಿರಿಯ ಸದಸ್ಯರು ಬಿಸ್ಕತ್ತಿನ ತಟ್ಟೆ ಎಲ್ಲಿದೆ ಎಂದು ನೋಡುತ್ತಿದ್ದರು. ಉಪಸಂಪಾದಕಿಯ ಮುಖದ ಮೇಲೆ ದೀಪ ಹಚ್ಚಿದ ಹಾಗೆ ಏನೋ ಬೆಳಗಿತು. ಅವಳು ಆಗಲೇ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗಿದ್ದಳು, ಮೇಜಿನ ತಲೆಯ ಕಡೆಗೆ ವಾಲಿದ್ದಳು. ಇಷ್ಟು ವರ್ಷ ಕಣ್ಣು ಸವೆಸಿದವನನ್ನು ಹೊಗೆ ಬಿಟ್ಟ ಹಾಗೆ ಬಿಟ್ಟುಬಿಡುವುದೇ? ಸಂಪಾದಕನ ಕಿವಿ ಬಿಸಿಯಾಯಿತು. ತಂಗಿಯ ಬಸವನಹುಳು, ತೊಟ್ಟಿ, ಆ ಮಕ್ಕಳು ಎಲ್ಲ ಆ ಹೊತ್ತಿಗೆ ಬಹಳ ದೂರದ, ಬಹಳ ಚಿಕ್ಕ ವಿಷಯಗಳಾಗಿ ಕಂಡವು.

"ಅಂದ್ರೆ, ಬಿಡಬೇಕಾಗಿ ಬರಬಹುದೇನೋ ಅಂತ" ಎಂದ. "ಒಂದು ತೊಡಕಿದೆ. ನನ್ನ ತಂಗಿ..."

ಹೇಳಿದ. ಹೇಳುತ್ತ ಹೋದಂತೆ ಉಪಸಂಪಾದಕಿಯ ಮುಖದ ದೀಪ ಆರಿ, ಬದಲಿಗೆ ನಗು ಬಂತು. ಅವಳು ಬಹಳ ದಿನ ಕಾದಿದ್ದವಳ ನಿಧಾನದಲ್ಲಿ ಬಾಯಿ ತೆರೆದಳು. "ಪಾಪ. ಅಳಿಯನಿಗೆ ಅಂತ ತೋಡಿದ ಹಳ್ಳಕ್ಕೆ ತಂಗಿ ಬಿದ್ದಳಾ ಸರ್? ಕಲಮು ಬಹಳ ಚೆನ್ನಾಗಿ ಬರೆದಿದ್ದಿರಿ. ಒಂದು ಕಾಮಾನೂ ಅಲ್ಲಾಡಿಸೋ ಹಾಗಿಲ್ಲ."

"ಅಯ್ಯೋ, ಇಷ್ಟಕ್ಕೆಲ್ಲ ಯಾಕೆ ಬಿಡ್ತೀರಿ ಸರ್" ಎಂದ ಶೇಕಡಾ. ಅವನಿಗೆ ನಿಜವಾಗಿ ಸಹಾಯ ಮಾಡಬೇಕೆನಿಸಿತ್ತು. "ಆ ಕಲಮಿಗೆ ನಮ್ಮ ವಕೀಲರು ಒಂದು ಬಾಲ ಸೇರಿಸಿದ್ದಾರೆ. ಸಂಬಂಧ ಇದ್ದರೂ ಸಂಪರ್ಕ ಇಲ್ಲ ಅಂದ್ರೆ ಅಡ್ಡಿ ಇಲ್ಲ. ಮೂರು ವರ್ಷದಿಂದ ಹೋಗಿಬರೋದಾಗಲಿ, ಮಾತುಕತೆಯಾಗಲಿ, ಫೋನಾಗಲಿ ಇಲ್ಲ ಅಂತ ಇಬ್ಬರೂ ಒಂದು ಹೇಳಿಕೆಗೆ ಸಹಿ ಹಾಕಿದರೆ ಮುಗೀತು. ಲೇಖನ ನಾಳೆಯೇ ಹಾಕ್ತೀವಿ. ನೀವೂ ಇರ್ತೀರಿ, ಅವರಿಗೂ ಆಗುತ್ತೆ. ನೂರಕ್ಕೆ ನೂರು."

"ಯಾರಾದರೂ ವಿಚಾರಿಸ್ತಾರಾ?"

"ಎಲ್ಲಾ ಪಾರದರ್ಶಕ ಸರ್. ನಿಮ್ಮ ಹೇಳಿಕೆ ಜಾಲತಾಣದಲ್ಲಿ ಹಾಕ್ತೀವಿ, ಯಾರು ಬೇಕಾದರೂ ಓದಬಹುದು. ಹಾಕಿದ ಮೇಲೆ ವಿಚಾರಿಸೋದೇನಿರುತ್ತೆ?"

ಎಂಥ ಹಗುರ! ಸಂಪಾದಕನಿಗೆ ಆ ಹುಡುಗನನ್ನು ತಬ್ಬಿಕೊಳ್ಳಬೇಕೆನಿಸಿತು. ಹೇಳಿಕೆಯ ಹಾಳೆ ಕೈಗೆ ಬಂದೊಡನೆ ಜೇಬಿನಿಂದ ಪೆನ್ನು ತಾನಾಗಿ ಹೊರಬಂತು. 'ಯಾವುದೇ ರೀತಿಯ ಸಂಪರ್ಕವು ಇರುವುದಿಲ್ಲವೆಂದು' ಎಂಬಲ್ಲಿ ಗೆರೆ ಎಳೆದು 'ಸಂಪರ್ಕವಿಲ್ಲವೆಂದು' ಎಂದು ತಿದ್ದಿದ. ವಾಕ್ಯ ಈಗ ಚೊಕ್ಕವಾಯಿತು. ತನ್ನ ಸಹಿ ಅಲ್ಲೇ ಹಾಕಿದ. ನೀಲಿ ಹೋಳಿಗೆ ಒಪ್ಪಿಗೆ ಕೇಳಿದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದವನು ಅವನೇ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ತಂಗಿಯೂ ಹೆಂಡತಿಯೂ ನಡುಮನೆಯ ನೆಲದ ಮೇಲೆ ಕೂತು ಅವನ ಹಳೆಯ ಸಂಚಿಕೆಗಳ ಧೂಳು ಒರೆಸಿ ವರ್ಷದ ಪ್ರಕಾರ ಜೋಡಿಸುತ್ತಿದ್ದರು. ಏನೋ ಮಾತಿಗೆ ಇಬ್ಬರೂ ನಗುತ್ತಿದ್ದರು. "ಬಿಡೋನು ಬಿಟ್ಟು ಬರ್ತಾನೆ, ಆಮೇಲೆ ಇದನ್ನೆಲ್ಲ ನೋಡ್ಕೊಂಡು ಕೊರಗ್ತಾನೆ, ನೆಟ್ಟಗಾದರೂ ಇರಲಿ ಅಂತ" ಎಂದಳು ತಂಗಿ ಅವನನ್ನು ನೋಡಿ. ಅವಳ ಮೂಗಿನ ಮೇಲೆ ಧೂಳಿತ್ತು. "ಮುಖ ಯಾಕೋ ಊದಿದೆ? ಅತ್ತುಬಿಟ್ಟೆಯಾ?"

"ಬಿಡೋ ಪ್ರಮೇಯವೇ ಬರಲಿಲ್ಲ!" ಎಂದ ಸಂಪಾದಕ. ಮಗುವಿಗೆ ಆಟಿಕೆ ತಂದವನಂತೆ ಹಾಳೆಯನ್ನು ಬೆನ್ನ ಹಿಂದಿನಿಂದ ತೆಗೆದು ಕೊಟ್ಟ. "ಇಲ್ಲೊಂದು ಸಹಿ ಹಾಕು. ನಾಳೆಯೇ ಅಚ್ಚು."

ಅವಳು ಕೈ ಒರೆಸಿಕೊಂಡು ಓದಿದಳು. ಓದಿದ್ದನ್ನು ಮತ್ತೆ ಮೊದಲಿಂದ ಓದಿದಳು. ಹೆಂಡತಿ ಅವಳ ಭುಜದ ಮೇಲಿಂದ ಬಗ್ಗಿ ಓದಿ, "ರೀ, ಏನಿದು?" ಎಂದಳು.

"ಬರೀ ಕಾಗದ ಕಣೇ. ಕಂಪನಿಗೆ ಬೇಕು ಅಷ್ಟೆ."

"ಇಲ್ಲಿ ಯಾರೋ ತಿದ್ದಿದ್ದಾರಲ್ಲ" ಎಂದಳು ತಂಗಿ.

"ನಾನೇ. ವಾಕ್ಯ ಉದ್ದ ಇತ್ತು."

ತಂಗಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ಅವನು ಸಿಟ್ಟಿಗೆ ತಯಾರಾಗಿ ಬಂದಿದ್ದ. ಬಸ್ಸಿನಲ್ಲಿ ಅದಕ್ಕೆ ಉತ್ತರಗಳನ್ನೂ ಕಟ್ಟಿಕೊಂಡಿದ್ದ. ಬಸವನಹುಳುವನ್ನು ಗಾಜಿನ ತಟ್ಟೆಯಲ್ಲಿ ಮಗುಚಿ ಹಾಕಿ ನೋಡುವಾಗ ಅವಳು ಹೀಗೆಯೇ ನೋಡುತ್ತಾಳೇನೋ.

"ಸುಳ್ಳು ಬರೆಯೋದು ನನಗೆ ಬರಲ್ಲಣ್ಣ. ಬಂದಿದ್ದರೆ ಮೊದಲೇ ಬರೀತಿದ್ದೆ" ಎಂದಳು. "ಇದನ್ನ ನಿಜ ಮಾಡಿ, ಆಮೇಲೆ ಸಹಿ ಹಾಕ್ತೀನಿ."

"ಅಂದ್ರೆ?"

ಅವಳು ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಒರೆಸುತ್ತಿದ್ದ ಬಟ್ಟೆಯನ್ನು ಕಿಟಕಿಯ ಸರಳಿಗೆ ಹರಡಿದಳು. "ಬರ್ತೀನಿ ಅತ್ತಿಗೆ" ಎನ್ನಲು ಹೊರಟವಳು ತಡೆದು, "ಹೊರಟೆ ಅತ್ತಿಗೆ" ಎಂದಳು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಗೇಟು ತೆಗೆದು ಮುಚ್ಚಿದಳು; ಮುಚ್ಚುವಾಗ ಕೂಡ ಸದ್ದು ಮಾಡಲಿಲ್ಲ.

"ಕರೀರಿ" ಎಂದಳು ಹೆಂಡತಿ. "ಏನು ಕಂಬದ ಹಾಗೆ ನಿಂತಿದ್ದೀರಿ, ಕರೀರಿ ಅವಳನ್ನ!"

ಅವನು ಗೇಟಿನವರೆಗೆ ಹೋದ. ಅವಳು ಬೀದಿಯ ಅಂಚಿನಲ್ಲಿ, ನಿಂತ ಸ್ಕೂಟರುಗಳನ್ನು ಬಳಸಿಕೊಂಡು, ಒಂದೇ ಸಮ ಹೋಗುತ್ತಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರ. ಬಾಯಿ ತೆರೆದ. ಆಗ ಅವನಿಗೆ ಲೆಕ್ಕ ಹೊಳೆಯಿತು: ಈಗ ಕರೆದರೆ ಅದೂ ಸಂಪರ್ಕವೇ. ಮೂರು ವರ್ಷ ಈ ಗಳಿಗೆಯಿಂದ ಶುರುವಾಗಿದ್ದರೆ, ಕರೆದ ಕೂಡಲೇ ಮತ್ತೆ ಮೊದಲಿಂದ ಎಣಿಸಬೇಕಾಗುತ್ತದೆ, ಅವಳಿಗೇ ನಷ್ಟ. ಅವಳ ಒಳ್ಳೆಯದಕ್ಕೇ ಎಂದುಕೊಂಡು ಅವನು ಬಾಯಿ ಮುಚ್ಚಿದ. ಅವಳು ತಿರುವಿನಲ್ಲಿ ಮರೆಯಾದಳು. ಆ ಮನೆಗೆ ಮತ್ತೆ ಬರಲಿಲ್ಲ.